ಲೋಹದ ಮರುಮಾತು

ಹೆಲಿಕಾಪ್ಟರಿನ ರೆಕ್ಕೆಯನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಅದರ ಅಂಚು ನೇರಗೆರೆಯೂ ಅಲ್ಲ, ವೃತ್ತದ ತುಂಡೂ ಅಲ್ಲ. ಮುಂದೆ ದುಂಡಗೆ ಉಬ್ಬಿ, ಹಿಂದಕ್ಕೆ ಹೋದಂತೆ ತೆಳ್ಳಗಾಗುವ ಆ ಬಾಗು ಎಲ್ಲೂ ಒಂದೇ ತ್ರಿಜ್ಯಕ್ಕೆ ನಿಲ್ಲುವುದಿಲ್ಲ. 1940ರ ದಶಕದಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಟ್ರಾವರ್ಸ್ ಸಿಟಿಯಲ್ಲಿ ಇಂಥ ರೆಕ್ಕೆಗಳನ್ನು ತಯಾರಿಸುತ್ತಿದ್ದ ಜಾನ್ ಪಾರ್ಸನ್ಸ್‌ಗೆ ಈ ಬಾಗಿನದೇ ಚಿಂತೆ. ರೆಕ್ಕೆ ಸರಿಯಿದೆಯೇ ಎಂದು ನೋಡಲು ಟೆಂಪ್ಲೇಟು ಬೇಕು. ಟೆಂಪ್ಲೇಟು ಮಾಡಬೇಕೆಂದರೆ ಕೆಲವೇ ಬಿಂದುಗಳನ್ನು ಗುರುತಿಸಿ, ಅವನ್ನು ಗೆರೆಯಲ್ಲಿ ಜೋಡಿಸಿ, ಕತ್ತರಿಸಿ, ಅರ ಹಿಡಿದು ಉಜ್ಜಬೇಕು. ಗೆರೆ ಎಳೆದವನ ಕೈ ಹೇಗೋ ರೆಕ್ಕೆಯೂ ಹಾಗೆ. ಪಾರ್ಸನ್ಸ್‌ನ ಸಂಗಡಿಗ ಎಂಜಿನಿಯರ್ ಫ್ರಾಂಕ್ ಸ್ಟೂಲೆನ್, ಕಚೇರಿಯ ಲೆಕ್ಕಪತ್ರಕ್ಕೆಂದು ಬಳಸುತ್ತಿದ್ದ ಐಬಿಎಂ ಪಂಚ್‌ಕಾರ್ಡ್ ಯಂತ್ರದಿಂದ ಆ ಬಾಗಿನ ಮೇಲೆ 200 ಬಿಂದುಗಳನ್ನು ಲೆಕ್ಕ ಹಾಕಿಸಿದ.

ಬಿಂದುಗಳೇನೋ ಸಿಕ್ಕವು, ಅವು ಲೋಹಕ್ಕೆ ಇಳಿಯುವುದು ಹೇಗೆ? ಒಬ್ಬ ಪಟ್ಟಿ ಹಿಡಿದು ಅಂಕಿಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಮಿಲ್ಲಿಂಗ್ ಮಷೀನಿನ ಉದ್ದದ ಕೈಚಕ್ರ ಒಬ್ಬನ ಕೈಯಲ್ಲಿ, ಅಡ್ಡದ ಕೈಚಕ್ರ ಇನ್ನೊಬ್ಬನ ಕೈಯಲ್ಲಿ. ಓದಿದ ಅಂಕಿಗೆ ಚಕ್ರ ತಿರುಗಿಸುವುದು, ಒಂದು ಕೊರೆತ ಕೊಡುವುದು, ಮುಂದಿನ ಅಂಕಿಗೆ ಹೋಗುವುದು. ಕೊನೆಗೆ ಉಳಿದ ಸಣ್ಣ ಸಣ್ಣ ಏಣುಗಳನ್ನು ಅರದಿಂದ ಸವರಿದರೆ ಟೆಂಪ್ಲೇಟು ಸಿದ್ಧ. ಇಂದು ಬೆಂಗಳೂರಿನ ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಓಡುತ್ತಿರುವ, ಕಂಪ್ಯೂಟರ್ ಹೇಳಿದಂತೆ ಕೊರೆಯುವ ಪ್ರತಿಯೊಂದು ಸಿಎನ್‌ಸಿ ಯಂತ್ರದ ಒಳಗೂ ಈ ಮೂವರ ಕೆಲಸವೇ ಅಡಗಿದೆ. ಓದುವವನ ಜಾಗಕ್ಕೆ ಪ್ರೋಗ್ರಾಂ ಬಂದಿದೆ, ತಿರುಗಿಸುವವರ ಜಾಗಕ್ಕೆ ಸರ್ವೋ ಮೋಟಾರುಗಳು ಬಂದಿವೆ.

ಆ ಬದಲಾವಣೆಗೆ ಹಣ ಕೊಟ್ಟದ್ದು ಅಮೆರಿಕದ ವಾಯುಪಡೆ. 1949ರಲ್ಲಿ ಪಾರ್ಸನ್ಸ್‌ಗೆ ಗುತ್ತಿಗೆ ಸಿಕ್ಕಿತು. ಮೋಟಾರು ಮತ್ತು ನಿಯಂತ್ರಣದ ಕೆಲಸ ಎಂಐಟಿಯ ಸರ್ವೋಮೆಕ್ಯಾನಿಸಮ್ಸ್ ಪ್ರಯೋಗಾಲಯಕ್ಕೆ ಹೋಯಿತು. 1952ರಲ್ಲಿ ಮೂರು ದಿಕ್ಕಿನಲ್ಲಿ ಚಲಿಸುವ ಸಿನ್ಸಿನಾಟಿ ಕಂಪನಿಯ ಮಿಲ್ಲಿಂಗ್ ಮಷೀನು ತೂತು ಹೊಡೆದ ಕಾಗದದ ಪಟ್ಟಿಯನ್ನು ಓದಿಕೊಂಡು ತಾನಾಗಿ ಲೋಹ ಕೊರೆದು ತೋರಿಸಿತು. 1959ರಲ್ಲಿ ಎಂಐಟಿಯ ಡಗ್ಲಸ್ ರಾಸ್ ತಂಡ ಎಪಿಟಿ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಹೊರತಂದಾಗ, ಪತ್ರಕರ್ತರಿಗೆ ಅದೇ ಭಾಷೆಯಲ್ಲಿ ಬರೆದು ಕೊರೆಸಿದ ಅಲ್ಯೂಮಿನಿಯಂ ಆಶ್‌ಟ್ರೇಗಳನ್ನು ನೆನಪಿಗೆಂದು ಹಂಚಿದರು. 1970ರ ದಶಕದಲ್ಲಿ ಮೈಕ್ರೊಪ್ರೊಸೆಸರ್ ಬಂತು, ಕಾಗದದ ಪಟ್ಟಿ ಮೆಲ್ಲಗೆ ಮರೆಯಾಗತೊಡಗಿತು, ಕಂಪ್ಯೂಟರು ಯಂತ್ರದ ಮೈಗೇ ಅಂಟಿಕೊಂಡಿತು.

ಇಲ್ಲಿಯವರೆಗಿನದು ಮೊದಲ ಬದಲಾವಣೆ. ಆಕಾರ ಅಂಕಿಯಾಯಿತು, ಅಂಕಿ ಯಂತ್ರಕ್ಕೆ ಆಜ್ಞೆಯಾಯಿತು. ಆದರೆ ಮಾತೆಲ್ಲ ಒಂದೇ ದಿಕ್ಕಿನದು. ಮೇಜು ಹೇಳಿದ ಜಾಗಕ್ಕೆ ಬಂದಿದೆಯೇ ಎಂಬುದನ್ನಷ್ಟೇ ಎನ್‌ಕೋಡರ್ ತಿಳಿಸುತ್ತಿತ್ತು. ಅಲಗಿನ ತುದಿ ಲೋಹವನ್ನು ಮುಟ್ಟುವ ಜಾಗದಲ್ಲಿ ನಿಜಕ್ಕೂ ಏನು ನಡೆಯುತ್ತಿದೆ ಎಂಬುದು ಕಂಪ್ಯೂಟರಿಗೆ ಗೊತ್ತಿರಲಿಲ್ಲ. ಟೂಲಿನ ತುದಿಗೆ ಕೂರಿಸಿದ ಅಲಗು, ಅಂದರೆ ಇನ್ಸರ್ಟ್, ಸವೆದಿದೆಯೇ, ಕೊರೆಯುತ್ತಿರುವ ತುಂಡು, ಅಂದರೆ ಜಾಬ್, ಬಿಸಿಯಾಗಿದೆಯೇ, ಬೇರಿಂಗ್ ಹೋಗುತ್ತಿದೆಯೇ? ಅದು ಪಕ್ಕದಲ್ಲಿ ನಿಂತ ಆಪರೇಟರನ ಕಣ್ಣು, ಕಿವಿ, ಬೆರಳಿಗೆ ಬಿಟ್ಟ ವಿಷಯವಾಗಿತ್ತು. 2011ರಲ್ಲಿ ಜರ್ಮನಿಯ ಹ್ಯಾನೋವರ್ ಮೇಳದಲ್ಲಿ ‘ಇಂಡಸ್ಟ್ರಿ 4.0’ ಎಂಬ ಹೆಸರು ಹುಟ್ಟಿದ ಮೇಲೆ ರೋಬೊಟ್, ಕೃತಕ ಬುದ್ಧಿಮತ್ತೆ, ಕ್ಲೌಡ್ ಎಂದು ಎಷ್ಟೋ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬಲಾಗಿದೆ. ಅವೆಲ್ಲದರ ನಡುವೆ ಬೇರಿನ ಸಂಗತಿ ಒಂದೇ ಎಂದು ನಾನು ನಂಬಿದ್ದೇನೆ: ಲೋಹ ಈಗ ಮರುಮಾತಾಡುತ್ತಿದೆ. ಕೊರೆಯುವ ಹೊತ್ತಿನಲ್ಲೇ ಅಳತೆ ಹಿಂದಿರುಗಿ ಬರುತ್ತಿದೆ.

ಶಾಖದ ವಿಷಯದಿಂದಲೇ ಶುರುಮಾಡೋಣ. ಉಕ್ಕು ಒಂದು ಡಿಗ್ರಿ ಬಿಸಿಯೇರಿದರೆ ಒಂದು ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಇಷ್ಟೇ ತಾನೆ ಎನ್ನಿಸಬಹುದು. ಒಂದು ಸಿಎನ್‌ಸಿ ಲೇತಿನಲ್ಲಿ 25 ಮಿಲಿಮೀಟರ್ ವ್ಯಾಸದ ರಂಧ್ರ ಬೋರಿಂಗ್ ಮಾಡುವ ಕೆಲಸ ಬಂದಿದೆ ಎನ್ನಿ. ಡ್ರಾಯಿಂಗಿನಲ್ಲಿ ಎಚ್7 ಎಂದು ಬರೆದಿದ್ದರೆ ಆ ರಂಧ್ರಕ್ಕೆ ಸಿಗುವ ಒಟ್ಟು ಸಡಿಲ 21 ಮೈಕ್ರಾನ್ ಮಾತ್ರ. ಈಗ ಟೂಲನ್ನು ಹಿಂದೆ ಮುಂದೆ ತಳ್ಳುವ ಬಾಲ್ ಸ್ಕ್ರೂ ನೋಡಿ. ಒಂದು ತುದಿ ಬೇರಿಂಗಿನಲ್ಲಿ ಬಿಗಿಯಾಗಿದೆ. ಅಲ್ಲಿಂದ ನಟ್‌ವರೆಗಿನ ಉದ್ದ 200 ಮಿಲಿಮೀಟರ್. ಬೆಳಿಗ್ಗೆಯಿಂದ ಓಡಿ ಓಡಿ ಅದು 5 ಡಿಗ್ರಿ ಬಿಸಿಯಾದರೆ 11.5 ಮೈಕ್ರಾನ್ ಉದ್ದವಾಗುತ್ತದೆ. ಲೇತಿನಲ್ಲಿ ತ್ರಿಜ್ಯದ ತಪ್ಪು ವ್ಯಾಸದಲ್ಲಿ ಇಮ್ಮಡಿ. ಅಲ್ಲಿಗೆ 23 ಮೈಕ್ರಾನ್ ಆಯಿತು. ಪ್ರೋಗ್ರಾಮಿನಲ್ಲಿ ತಪ್ಪಿಲ್ಲ, ಇನ್ಸರ್ಟ್ ಹೊಸದು, ಆಪರೇಟರ್ ಚಕ್ಕಿನಲ್ಲಿ ಜಾಬ್ ಸರಿಯಾಗಿಯೇ ಹಿಡಿದಿದ್ದಾನೆ. ಆದರೂ ಬೆಳಿಗ್ಗೆ ಪಾಸಾದ ಜಾಬು ಮಧ್ಯಾಹ್ನ ರಿಜೆಕ್ಟ್ ಆಗುತ್ತದೆ.

ಅನುಭವಿ ಸೆಟ್ಟರುಗಳಿಗೆ ಇದು ಗೊತ್ತು. ಯಂತ್ರವನ್ನು ಸ್ವಲ್ಪ ಹೊತ್ತು ಖಾಲಿ ಓಡಿಸಿ ಬೆಚ್ಚಗಾಗಿಸುತ್ತಾರೆ, ಮೊದಲ ಕೆಲವು ಜಾಬುಗಳನ್ನು ಒಂದೊಂದಾಗಿ ಬೋರ್ ಗೇಜಿನಿಂದ ಅಳೆಯುತ್ತಾರೆ, ಆಫ್‌ಸೆಟ್‌ನಲ್ಲಿ ಐದೋ ಹತ್ತೋ ಮೈಕ್ರಾನ್ ತಿದ್ದುತ್ತಾರೆ, ಊಟದ ಬಿಡುವಿನ ನಂತರ ಮತ್ತೆ ಅಳೆಯುತ್ತಾರೆ. ನಿಖರ ಯಂತ್ರಗಳಲ್ಲಿ ಅಳತೆ ತಪ್ಪುವುದಕ್ಕೆ ಶೇಕಡಾ 40ರಿಂದ 70ರಷ್ಟು ಕಾರಣ ಶಾಖವೇ ಎಂದು ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಜೇಮ್ಸ್ ಬ್ರಯಾನ್ 1990ರಲ್ಲಿ ಬರೆದರು. ಆ ಅಂದಾಜು ಈಗಲೂ ಚಾಲ್ತಿಯಲ್ಲಿದೆ. ಇಂದಿನ ಒಳ್ಳೆಯ ಯಂತ್ರಗಳಲ್ಲಿ ಸ್ಪಿಂಡಲ್ ಬೇರಿಂಗಿನ ಹತ್ತಿರ, ಬಾಲ್ ಸ್ಕ್ರೂ ನಟ್ಟಿನ ಹತ್ತಿರ, ಯಂತ್ರದ ಎರಕದ ಮೈಯಲ್ಲಿ ಉಷ್ಣತೆಯ ಸೆನ್ಸರುಗಳಿರುತ್ತವೆ. ಎಲ್ಲೆಲ್ಲಿ ಎಷ್ಟು ಬಿಸಿ ಎಂಬುದನ್ನು ನೋಡಿ, ಟೂಲಿನ ತುದಿ ಎಷ್ಟು ಸರಿದಿರಬಹುದು ಎಂದು ಲೆಕ್ಕ ಹಾಕಿ, ಕಂಟ್ರೋಲರ್ ತನ್ನ ಆಜ್ಞೆಯನ್ನು ತಾನೇ ತಿದ್ದಿಕೊಳ್ಳುತ್ತದೆ. ಸೆಟ್ಟರ್ ಗಂಟೆಗೊಮ್ಮೆ ಮಾಡುತ್ತಿದ್ದ ತಿದ್ದುಪಡಿ ಎಡೆಬಿಡದೆ ನಡೆಯುತ್ತದೆ. ಹೊರಗಿನವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಕೈ ಬೀಸುವ ರೋಬೊಟ್‌ನ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಹನ್ನೊಂದು ಮೈಕ್ರಾನ್ ತಿದ್ದಿದ ಸುದ್ದಿ ಎಲ್ಲೂ ಬರುವುದಿಲ್ಲ. ಆದರೆ ರಿಜೆಕ್ಷನ್ ಡಬ್ಬ ಖಾಲಿಯಾಗುವುದು ಇದರಿಂದ.

ಎರಡನೆಯದು ಸದ್ದು. ಲೇತ್ ಕೆಲಸ ಬಲ್ಲವರೆಲ್ಲ ಚಾಟರ್ ಎಂದರೆ ಹುಬ್ಬು ಗಂಟಿಕ್ಕುತ್ತಾರೆ. ಸರಾಗವಾಗಿ ಕೊರೆಯುತ್ತಿದ್ದ ಟೂಲು ಇದ್ದಕ್ಕಿದ್ದಂತೆ ಕಿರುಚುತ್ತದೆ, ಜಾಬಿನ ಮೈಮೇಲೆ ಸಾಲು ಸಾಲು ಗೀರು ಬೀಳುತ್ತವೆ, ಇನ್ಸರ್ಟಿನ ಮೂಲೆ ಹಾರುತ್ತದೆ. ಲೋಹ ಕೊರೆಯುವ ಕಲೆಯ ಬಗ್ಗೆ ಎಫ್. ಡಬ್ಲ್ಯು. ಟೇಲರ್ 26 ವರ್ಷ ಪ್ರಯೋಗ ಮಾಡಿದವನು; ಎಂಟು ಲಕ್ಷ ಪೌಂಡಿಗೂ ಹೆಚ್ಚು ಉಕ್ಕು ಮತ್ತು ಕಬ್ಬಿಣವನ್ನು ಚೂರು ಮಾಡಿ, ಕೊರೆತದ ವೇಗಕ್ಕೂ ಟೂಲಿನ ಆಯುಸ್ಸಿಗೂ ಇರುವ ಸಂಬಂಧವನ್ನು ಸೂತ್ರಕ್ಕೆ ತಂದವನು. ಅವನು ಕೂಡ ಚಾಟರಿನ ಮುಂದೆ ಕೈಚೆಲ್ಲಿ, ಇದು ಈ ಕಸುಬಿನ ಅತ್ಯಂತ ನಿಗೂಢ ಸಮಸ್ಯೆ ಎಂಬ ಅರ್ಥದ ಮಾತನ್ನು 1907ರಲ್ಲಿ ಬರೆದ.

ಗುಟ್ಟು ಬಿಡಿಸಿದ್ದು 1950ರ ದಶಕ. ಪ್ರಾಗ್‌ನಲ್ಲಿ ಯಿರಿ ಟ್ಲುಸ್ಟಿ, ಇಂಗ್ಲೆಂಡಿನಲ್ಲಿ ಎಸ್. ಎ. ಟೋಬಿಯಾಸ್ ಬೇರೆ ಬೇರೆಯಾಗಿ ಒಂದೇ ಕಾರಣಕ್ಕೆ ಬಂದು ಮುಟ್ಟಿದರು. ಟೂಲು ಒಮ್ಮೆ ಅಲುಗಿದರೆ ಕೊರೆದ ಮೈಮೇಲೆ ಸಣ್ಣ ಅಲೆ ಉಳಿಯುತ್ತದೆ. ಜಾಬು ಒಂದು ಸುತ್ತು ಬಂದಾಗ ಟೂಲು ಅದೇ ಅಲೆಯ ಮೇಲೆ ಹಾಯಬೇಕು. ಉಬ್ಬಿದ್ದಲ್ಲಿ ಹೆಚ್ಚು ಲೋಹ, ತಗ್ಗಿದ್ದಲ್ಲಿ ಕಡಿಮೆ. ಆ ಏರಿಳಿತ ಟೂಲನ್ನು ಮತ್ತೂ ಅಲುಗಿಸುತ್ತದೆ, ಅಲೆ ಮತ್ತೂ ಆಳವಾಗುತ್ತದೆ. ಮಣ್ಣುರಸ್ತೆಯಲ್ಲಿ ಬಸ್ಸುಗಳು ಓಡಾಡಿ ಓಡಾಡಿ ಅಡ್ಡಡ್ಡಕ್ಕೆ ಏಣು ಏಳುವುದೂ, ಆ ಏಣಿನಿಂದ ಬಸ್ಸು ಇನ್ನಷ್ಟು ಕುಕ್ಕುವುದೂ ಇದೇ ಬಗೆ. ಇದರಿಂದ ಬರುವ ಫಲ ಮಾತ್ರ ಅನಿರೀಕ್ಷಿತ. ಚಾಟರ್ ಬಂದರೆ ವೇಗ ಇಳಿಸು ಎಂಬುದು ಎಲ್ಲರೂ ಕಲಿಯುವ ಪಾಠ. ಆದರೆ ಹಳೆಯ ಅಲೆ ಮತ್ತು ಹೊಸ ಅಲೆ ಏಣಿಗೆ ಏಣು, ತಗ್ಗಿಗೆ ತಗ್ಗು ಹೊಂದಿಕೊಂಡು ಬಂದರೆ ಕೊರೆಯುವ ದಪ್ಪ ಎಲ್ಲೆಡೆ ಒಂದೇ ಆಗುತ್ತದೆ, ಅಲುಗಾಟಕ್ಕೆ ಮೇವು ಸಿಗುವುದಿಲ್ಲ. ಹಾಗಾಗಿ ಕೆಲವು ವೇಗಗಳಲ್ಲಿ, ವೇಗವನ್ನು ಹೆಚ್ಚಿಸಿದರೇ ಕಿರುಚು ನಿಲ್ಲುತ್ತದೆ. ಯಾವ ವೇಗ ಎಂಬುದು ಆ ಯಂತ್ರ, ಆ ಟೂಲು, ಟೂಲು ಹೊರಚಾಚಿದ ಉದ್ದ ಇವೆಲ್ಲದರ ಮೇಲೆ ನಿಂತಿದೆ. ಅದಕ್ಕೆ ಸದ್ದನ್ನು ಅಳೆಯಬೇಕು.

ಈ ಅಳೆಯುವ ವಿದ್ಯೆಗೆ ಬೆಂಗಳೂರಿನಲ್ಲಿ ಹಳೆಯ ಬೇರಿದೆ. ಲೇತಿನಂಥ ಯಂತ್ರೋಪಕರಣಗಳ ಕಂಪನಿ ಎಚ್‌ಎಂಟಿ ಇಲ್ಲಿ ಶುರುವಾದದ್ದು 1953ರಲ್ಲಿ. ತುಮಕೂರು ರಸ್ತೆಯಲ್ಲಿರುವ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ, ಎಲ್ಲರ ಬಾಯಲ್ಲಿ ಸಿಎಂಟಿಐ, 1962ರಲ್ಲಿ ಜೆಕೊಸ್ಲೊವಾಕಿಯಾದ ಸಹಕಾರದಿಂದ ಸ್ಥಾಪನೆಯಾಯಿತು. ಯಂತ್ರದ ಬಿಗುವು, ಕಂಪನ, ನಿಖರತೆಯನ್ನು ಪರೀಕ್ಷಿಸುವ ಪ್ರಯೋಗಾಲಯದ ಶಿಸ್ತು ಈ ಊರಿಗೆ ಸಾಫ್ಟ್‌ವೇರಿಗಿಂತ ಬಹಳ ಮೊದಲೇ ಬಂದಿತ್ತು.

ಆಗ ಕಂಪನ ಅಳೆಯುವ ಉಪಕರಣ ಪ್ರಯೋಗಾಲಯದ ಸೊತ್ತು. ಈಗ ಅದು ಪ್ರತಿಯೊಬ್ಬರ ಜೇಬಿನಲ್ಲಿದೆ. ಮೊಬೈಲನ್ನು ಅಡ್ಡ ತಿರುಗಿಸಿದಾಗ ಪರದೆಯೂ ತಿರುಗುತ್ತದಲ್ಲ, ಅದಕ್ಕೆ ಕಾರಣ ಒಂದು ಸಿಲಿಕಾನ್ ಚೂರು. ಅದರೊಳಗೆ ಮೈಕ್ರಾನ್ ಗಾತ್ರದ ಸ್ಪ್ರಿಂಗುಗಳ ಮೇಲೆ ಒಂದು ಪುಟ್ಟ ತೂಕ ತೂಗಾಡುತ್ತಿರುತ್ತದೆ. ಅಲುಗಿದಾಗ ಪಕ್ಕದ ಹಲ್ಲುಗಳಿಗೂ ಅದಕ್ಕೂ ನಡುವಿನ ಅಂತರ ಬದಲಾಗಿ ವಿದ್ಯುತ್ ಧಾರಕತೆ ಬದಲಾಗುತ್ತದೆ. ಮೊಬೈಲು ಮತ್ತು ಕಾರಿನ ಏರ್‌ಬ್ಯಾಗುಗಳಿಗಾಗಿ ಇವನ್ನು ಕೋಟಿಗಟ್ಟಲೆ ಮಾಡಿದ್ದರಿಂದ ಬೆಲೆ ಕುಸಿಯಿತು, ಕಾರ್ಖಾನೆಗೂ ಇವು ಕೈಗೆಟುಕಿದವು. ಇನ್ನೊಂದು ಬೇಕಾದದ್ದು ಗಣಿತ. 1965ರಲ್ಲಿ ಜೇಮ್ಸ್ ಕೂಲಿ ಮತ್ತು ಜಾನ್ ಟ್ಯೂಕಿ ಪ್ರಕಟಿಸಿದ ವೇಗದ ಲೆಕ್ಕಾಚಾರದ ವಿಧಾನದಿಂದ, ಗದ್ದಲವಾಗಿ ಕೇಳುವ ಒಂದು ಸದ್ದನ್ನು ಅದರಲ್ಲಿ ಬೆರೆತ ಬೇರೆ ಬೇರೆ ಆವರ್ತನಗಳಾಗಿ ಕ್ಷಣಾರ್ಧದಲ್ಲಿ ಬಿಡಿಸಬಹುದು.

ಬಿಡಿಸಿದರೆ ಏನು ಕಾಣುತ್ತದೆ? ನಿಮಿಷಕ್ಕೆ 3000 ಸುತ್ತು ಹಾಕುವ ಸ್ಪಿಂಡಲ್ ಇದೆ ಎನ್ನೋಣ. ಸೆಕೆಂಡಿಗೆ 50 ಸುತ್ತು, ಅಂದರೆ 50 ಹರ್ಟ್ಸ್. ನಾಲ್ಕು ಹಲ್ಲಿನ ಕಟ್ಟರ್ ಹಾಕಿದ್ದರೆ ಹಲ್ಲುಗಳು ಲೋಹಕ್ಕೆ ತಾಗುವ ಸದ್ದು 200 ಹರ್ಟ್ಸ್‌ನಲ್ಲಿ ಸಿಗುತ್ತದೆ. ಬೇರಿಂಗಿನಲ್ಲಿ 8 ಗುಂಡುಗಳಿದ್ದು ಅದರ ಹೊರಬಳೆಯಲ್ಲಿ ಸಣ್ಣ ಕುಳಿ ಬಿದ್ದಿದ್ದರೆ, ಗುಂಡುಗಳು ಆ ಕುಳಿಯನ್ನು ಹಾಯುವ ಬಡಿತ ಸುಮಾರು 160 ಹರ್ಟ್ಸ್‌ನಲ್ಲಿ ಬರುತ್ತದೆ. ಕುಳಿ ಒಳಬಳೆಯಲ್ಲಿದ್ದರೆ ಸುಮಾರು 240. ಗುಂಡುಗಳ ಸಂಖ್ಯೆಯನ್ನು ಸುತ್ತಿನ ವೇಗದಿಂದ ಗುಣಿಸಿ, ಹೊರಬಳೆಗೆ 0.4, ಒಳಬಳೆಗೆ 0.6 ಹಚ್ಚಿದರೆ ಬರುವ ಅಂದಾಜು ಇದು; ನಿರ್ವಹಣೆಯ ಎಂಜಿನಿಯರುಗಳು ಬಾಯಿಪಾಠ ಮಾಡಿಕೊಂಡಿರುವ ಲೆಕ್ಕ. ಬೇರಿಂಗ್ ಬಿಚ್ಚದೆ, ಸ್ಪಿಂಡಲ್ ನಿಲ್ಲಿಸದೆ, ಯಾವ ಬಳೆಗೆ ಏಟಾಗಿದೆ ಎಂದು ಹೇಳಬಹುದು. ಅನೇಕ ವೇಳೆ ಬೇರಿಂಗ್ ಸಿಕ್ಕಿಕೊಂಡು ಯಂತ್ರ ನಿಲ್ಲುವುದಕ್ಕೆ ವಾರಗಳ ಮೊದಲೇ ಈ ಬಡಿತ ತಲೆಯೆತ್ತುತ್ತದೆ. ಹೊಸ ಬೇರಿಂಗ್ ತರಿಸಿಟ್ಟುಕೊಂಡು, ಭಾನುವಾರ ನೋಡಿ ಬದಲಾಯಿಸಬಹುದು.

ಆದರೆ ಕೇಳುವುದಕ್ಕೂ ಖರ್ಚಿದೆ. ಒಂದು ಸೆನ್ಸರು ಮೂರು ದಿಕ್ಕಿನಲ್ಲಿ ಸೆಕೆಂಡಿಗೆ 25,600 ಸಲ ಅಳೆದು, ಪ್ರತಿ ಅಳತೆಯನ್ನು ಎರಡು ಬೈಟ್‌ನಲ್ಲಿ ಬರೆದರೆ ದಿನಕ್ಕೆ 13 ಗಿಗಾಬೈಟ್ ಮೀರುತ್ತದೆ. ಇಪ್ಪತ್ತು ಯಂತ್ರಗಳಿರುವ ಶೆಡ್ಡಿನಿಂದ ಅಷ್ಟನ್ನೂ ದೂರದ ಸರ್ವರಿಗೆ ಕಳಿಸುವುದು ಹುಚ್ಚುತನ. ಆದ್ದರಿಂದ ಯಂತ್ರದ ಪಕ್ಕದಲ್ಲೇ ಒಂದು ಸಣ್ಣ ಕಂಪ್ಯೂಟರು ಕೂತು, ಸದ್ದನ್ನು ಬಿಡಿಸಿ, ಬೇಕಾದ ಹತ್ತಾರು ಅಂಕಿಗಳನ್ನಷ್ಟೇ ಮುಂದೆ ಕಳಿಸುತ್ತದೆ. ಕೃತಕ ಬುದ್ಧಿಮತ್ತೆ ಸೇರುವುದು ಇಲ್ಲಿ: ಆ ಅಂಕಿಗಳ ಎಂದಿನ ನಡೆ ಯಾವುದು, ವಿಚಿತ್ರ ಯಾವುದು ಎಂದು ಅದು ಕಲಿಯುತ್ತದೆ. ಕಲಿಕೆಗೆ ಅಡ್ಡಿಯೂ ಇಲ್ಲೇ. ಚೆನ್ನಾಗಿ ನೋಡಿಕೊಂಡ ಯಂತ್ರ ಕೆಡುವುದು ಅಪರೂಪ, ಹಾಗಾಗಿ ಕೆಟ್ಟ ಸದ್ದಿನ ಉದಾಹರಣೆಗಳು ಕಡಿಮೆ. ಒಂದು ಯಂತ್ರದ ಸದ್ದು ಕಲಿತ ಮಾದರಿ ಪಕ್ಕದ ಯಂತ್ರಕ್ಕೆ ಹೊಂದುವುದಿಲ್ಲ. ಅದೇ ಕಂಪನಿಯ ಅದೇ ಮಾಡೆಲ್ ಆದರೂ ತಳಪಾಯ ಬೇರೆ, ಬೋಲ್ಟಿನ ಬಿಗಿ ಬೇರೆ, ಹಾಕುವ ಜಾಬು ಬೇರೆ. ಕೊಂಡು ತಂದು ಗೋಡೆಗೆ ಹಾಕಿದ ಕೂಡಲೇ ಎಲ್ಲ ಹೇಳುತ್ತದೆ ಎಂದು ಮಾರುವವರ ಮಾತನ್ನು ನಂಬಬಾರದು.

ಸಣ್ಣ ವರ್ಕ್‌ಶಾಪಿನ ಕಥೆ ಇದಕ್ಕಿಂತ ಸರಳ, ನನ್ನ ಕಣ್ಣಿಗೆ ಇದಕ್ಕಿಂತ ಮುಖ್ಯ. ಪೀಣ್ಯ ಕೈಗಾರಿಕಾ ಪ್ರದೇಶದ ಜಾಬ್ ವರ್ಕ್ ಶೆಡ್ಡುಗಳಲ್ಲಿ ಹೊಸ ಸಿಎನ್‌ಸಿ ಪಕ್ಕದಲ್ಲೇ ಮೂವತ್ತು ವರ್ಷದ ಹಳೆಯ ಲೇತ್ ಇರುತ್ತದೆ, ಎರಡೂ ದುಡಿಯುತ್ತವೆ. ಹಳೆಯದಕ್ಕೆ ನೆಟ್‌ವರ್ಕ್ ಎಂಬುದೇ ಇಲ್ಲ. ಹೊಸದಕ್ಕೆ ಇದ್ದರೂ ಒಂದೊಂದು ಕಂಪನಿಯ ಕಂಟ್ರೋಲರ್ ಒಂದೊಂದು ಭಾಷೆ ಆಡುತ್ತದೆ. 1979ರಲ್ಲಿ ಬಂದ ಮಾಡ್‌ಬಸ್ ಎಂಬ ಭಾಷೆ ಇನ್ನೂ ಜೀವಂತವಾಗಿದೆ. ಇವೆಲ್ಲಕ್ಕೂ ಒಪಿಸಿ ಯುಎ, ಎಂಟಿ ಕನೆಕ್ಟ್ ಮುಂತಾದ ಸಾಮಾನ್ಯ ಭಾಷೆಗಳನ್ನು ತರುವ ಪ್ರಯತ್ನ ನಡೆದಿದೆ. ಇಂಥ ಕಡೆ ಒಂದು ಸುಲಭ ದಾರಿಯಿದೆ. ಸ್ಪಿಂಡಲ್ ಮೋಟಾರಿಗೆ ಹೋಗುವ ವೈರಿನ ಸುತ್ತ ಬಳೆಯಂಥ ಕರೆಂಟ್ ಸೆನ್ಸರ್ ಕ್ಲಿಪ್ ಮಾಡುವುದು. ವೈರ್ ಕತ್ತರಿಸಬೇಕಿಲ್ಲ, ಕಂಟ್ರೋಲರ್ ಮುಟ್ಟಬೇಕಿಲ್ಲ. ವೈರಿನಲ್ಲಿ ಹರಿಯುವ ವಿದ್ಯುತ್ತಿನ ಸುತ್ತ ಏಳುವ ಕಾಂತಕ್ಷೇತ್ರವನ್ನು ಅದು ಅಳೆಯುತ್ತದೆ. ಕರೆಂಟ್ ಇಲ್ಲದಿದ್ದರೆ ಯಂತ್ರ ನಿಂತಿದೆ, ಸ್ವಲ್ಪ ಇದ್ದರೆ ಖಾಲಿ ತಿರುಗುತ್ತಿದೆ, ಏರಿದರೆ ಕೊರೆಯುತ್ತಿದೆ. ಅದೇ ಬಗೆಯ ಜಾಬುಗಳನ್ನು ಒಂದರ ಹಿಂದೊಂದು ಕೊರೆಯುತ್ತಿದ್ದಂತೆ ಕರೆಂಟು ಮೆಲ್ಲಮೆಲ್ಲನೆ ಏರುತ್ತಿದ್ದರೆ ಇನ್ಸರ್ಟ್ ಮೊಂಡಾಗುತ್ತಿರಬಹುದು.

ಇಷ್ಟು ಕಡಿಮೆ ಮಾಹಿತಿಯಿಂದ ತಿಳಿಯುವುದು ಸಣ್ಣದಲ್ಲ. ಯಂತ್ರ ಎಷ್ಟು ಹೊತ್ತು ನಿಜವಾಗಿ ಚಿಪ್ಸ್ ಉದುರಿಸಿತು, ಎಷ್ಟು ಹೊತ್ತು ಮೆಟೀರಿಯಲ್ಲಿಗೋ ಇನ್ಸ್‌ಪೆಕ್ಷನ್ನಿಗೋ ಕಾದಿತು ಎಂಬುದು ಮೊದಲ ಬಾರಿಗೆ ಮಾಲೀಕನಿಗೂ ಆಪರೇಟರನಿಗೂ ಒಂದೇ ಥರ ಕಾಣುತ್ತದೆ. ಶಿಫ್ಟಿನಲ್ಲಿ ಯಂತ್ರ ಲಭ್ಯವಿದ್ದ ಪಾಲು 0.8, ಓಡಿದಾಗಿನ ವೇಗದ ಪಾಲು 0.8, ಪಾಸಾದ ಜಾಬಿನ ಪಾಲು 0.95 ಎಂದಿಟ್ಟುಕೊಂಡು ಮೂರನ್ನೂ ಗುಣಿಸಿ: 0.61 ಕೂಡ ದಾಟುವುದಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಕೆಟ್ಟದಾಗಿಲ್ಲ. ಒಟ್ಟಿಗೆ ನೋಡಿದರೆ ಯಂತ್ರದ ಶಕ್ತಿಯ ಐದರಲ್ಲಿ ಎರಡು ಪಾಲು ಸೋರಿಹೋಗಿದೆ. ಬ್ಯಾಂಕಿನ ಕಂತು ಕಟ್ಟಿಕೊಂಡು ಯಂತ್ರ ತಂದವರಿಗೆ ಇದು ಊಟದ ಪ್ರಶ್ನೆ.

ಡಿಜಿಟಲ್ ಟ್ವಿನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇರುವ ವಸ್ತುವಿಗೆ ಕಂಪ್ಯೂಟರಿನಲ್ಲೊಂದು ಜೋಡಿ ಇಟ್ಟುಕೊಳ್ಳುವ ಈ ಯೋಚನೆಯನ್ನು ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಗ್ರೀವ್ಸ್ 2002ರಲ್ಲಿ ಮಂಡಿಸಿದರು. ಮೇಳಗಳ ದೊಡ್ಡ ಪರದೆಯ ಮೇಲೆ ಈ ಹೆಸರಿನಲ್ಲಿ ತೋರಿಸುವುದರಲ್ಲಿ ಬಹಳಷ್ಟು ಬರಿಯ ಮೂರು ಆಯಾಮದ ಚಿತ್ರ. ಒಂದು ಪ್ರಶ್ನೆ ಕೇಳಿದರೆ ಸಾಕು: ಶೆಡ್ಡಿನಲ್ಲಿರುವ ಯಂತ್ರ ಇಂದು ಬಿಸಿಯಾದರೆ, ಸವೆದರೆ, ಪರದೆಯ ಮೇಲಿನ ಯಂತ್ರದ ಲೆಕ್ಕವೂ ಬದಲಾಗುತ್ತದೆಯೇ? ಬದಲಾದರೆ ಅದು ಜೋಡಿ. ಇಲ್ಲದಿದ್ದರೆ ಬರಿಯ ಅಲಂಕಾರ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಲೋಹವನ್ನು ಕೊರೆದು ತೆಗೆಯುವ ಮಾತು. ಲೋಹವನ್ನು ಸೇರಿಸುತ್ತ ಕಟ್ಟುವ ವಿಧಾನಕ್ಕೆ ಬಂದರೆ ಅಂಕಿಯ ಮತ್ತು ಅಳತೆಯ ನಂಟು ಇನ್ನೂ ಬಿಗಿ. ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೆಯ ಹಂತದಲ್ಲಿ ಪಿಎಸ್4 ಎಂಬ ಎಂಜಿನ್ನಿದೆ, ನಿರ್ವಾತದಲ್ಲಿ 7.33 ಕಿಲೋನ್ಯೂಟನ್ ನೂಕುಬಲ ಕೊಡುವಂಥದು. ಹಳೆಯ ಕ್ರಮದಲ್ಲಿ ಅದನ್ನು 14 ಭಾಗಗಳಾಗಿ ಮಾಡಿ ಬೆಸೆಯುತ್ತಿದ್ದರು. ಇಸ್ರೊದ ದ್ರವ ನೋದನ ವ್ಯವಸ್ಥೆಗಳ ಕೇಂದ್ರ ಅದನ್ನು ತ್ರೀಡಿ ಮುದ್ರಣಕ್ಕೆ ಒಗ್ಗುವಂತೆ ಹೊಸದಾಗಿ ವಿನ್ಯಾಸ ಮಾಡಿತು, ವಿಪ್ರೊ ತ್ರೀಡಿ ಅದನ್ನು ಮುದ್ರಿಸಿತು. 14 ಭಾಗಗಳು ಒಂದೇ ಭಾಗವಾದವು. 19 ವೆಲ್ಡಿಂಗ್ ಜೋಡಣೆಗಳು ಇಲ್ಲವಾದವು. ಒಂದು ಎಂಜಿನ್ನಿಗೆ 565 ಕಿಲೋ ಫೋರ್ಜಿಂಗ್ ಮತ್ತು ತಗಡು ಬೇಕಾಗುತ್ತಿದ್ದ ಕಡೆ 13.7 ಕಿಲೋ ಲೋಹದ ಪುಡಿ ಸಾಕಾಯಿತು. ತಯಾರಿಕೆಯ ಅವಧಿ ಶೇಕಡಾ 60ರಷ್ಟು ಇಳಿಯಿತು. 2024ರ ಮೇ 9ರಂದು ಮಹೇಂದ್ರಗಿರಿಯಲ್ಲಿ ಆ ಎಂಜಿನ್ 665 ಸೆಕೆಂಡು ಉರಿದು ಪರೀಕ್ಷೆ ಗೆದ್ದಿತು.

565 ಎಲ್ಲಿ, 13.7 ಎಲ್ಲಿ! ಉಳಿದ ಲೋಹವೆಲ್ಲ ಮೊದಲು ಚಿಪ್ಸು ಮತ್ತು ಚೂರುಗಳಾಗಿ ಹೋಗುತ್ತಿತ್ತು ಎಂಬುದನ್ನು ನೆನೆದರೆ, ಆ ಲೋಹ ಕರಗಿಸಲು ಉರಿಸಿದ ಇಂಧನವೂ ನೆನಪಾಗುತ್ತದೆ. ವೆಲ್ಡಿಂಗ್ ಹೋದದ್ದು ಅದಕ್ಕಿಂತ ದೊಡ್ಡ ಲಾಭವಿರಬಹುದು. ಪ್ರತಿ ಬೆಸುಗೆಯೂ ಬಿರುಕು ಬಿಡಬಹುದಾದ ಜಾಗ. ಪ್ರತಿಯೊಂದನ್ನೂ ಬೇರೆಯಾಗಿ ಪರೀಕ್ಷಿಸಬೇಕು, ದಾಖಲೆ ಇಡಬೇಕು.

ಮುದ್ರಣ ನಡೆಯುವುದು ಹೀಗೆ. ಮೊಹರು ಹಾಕಿದ ಪೆಟ್ಟಿಗೆಯಲ್ಲಿ ಆರ್ಗಾನ್‌ನಂಥ ಜಡ ಅನಿಲ ತುಂಬಿರುತ್ತದೆ. ಹಿಟ್ಟಿಗಿಂತ ನಯವಾದ ಲೋಹದ ಪುಡಿಯನ್ನು ಒಂದು ಪಟ್ಟಿ 30–60 ಮೈಕ್ರಾನ್ ದಪ್ಪಕ್ಕೆ ಹರಡುತ್ತದೆ. ಕೂದಲೆಳೆಯಷ್ಟು ಸಣ್ಣ ಲೇಸರ್ ಚುಕ್ಕೆ ಆ ಪದರದಲ್ಲಿ ಬೇಕಾದ ಜಾಗವನ್ನಷ್ಟೇ ಕರಗಿಸುತ್ತ ಓಡುತ್ತದೆ. ಕರಗಿದ್ದು ಕಣ್ಣು ಮಿಟುಕಿಸುವುದರೊಳಗೆ ಗಟ್ಟಿಯಾಗುತ್ತದೆ. ಮತ್ತೆ ಪುಡಿ, ಮತ್ತೆ ಲೇಸರ್. ಪದರ 40 ಮೈಕ್ರಾನ್ ಆದರೆ 300 ಮಿಲಿಮೀಟರ್ ಎತ್ತರಕ್ಕೆ 7,500 ಪದರಗಳು. ಲೇಸರಿನ ಬಲ ಕಡಿಮೆಯಾದರೆ ಪುಡಿ ಪೂರ್ತಿ ಕರಗದೆ ನಡುವೆ ಸಂದು ಉಳಿಯುತ್ತದೆ; ಹೆಚ್ಚಾದರೆ ಲೋಹ ಕುದಿದು ಆವಿಯ ಗುಳ್ಳೆ ಒಳಗೇ ಸಿಕ್ಕಿಬೀಳುತ್ತದೆ. ಬೇಗ ತಣಿಯುವುದರಿಂದ ಒಳಗೊಳಗೇ ಬಿಗಿತ ಕೂಡಿ ಮೈ ಸೊಟ್ಟಗಾಗಬಹುದು. ಕೊರೆದು ಮಾಡಿದ ಜಾಬನ್ನು ಮೈಕ್ರೊಮೀಟರಿನಿಂದ ಅಳೆಯಬಹುದು. ಇಲ್ಲಿ ಒಳಗಿನ ಕಾಲುವೆಗಳಿಗೆ ಯಾವ ಗೇಜೂ ಹೋಗದು. ಹಾಗಾಗಿ ಒಂದೊಂದು ಪದರದ ಫೋಟೊ ತೆಗೆಯುತ್ತಾರೆ, ಕರಗಿದ ಲೋಹದಿಂದ ಹೊಮ್ಮುವ ಬೆಳಕನ್ನು ಸೆನ್ಸರಿನಿಂದ ಹಿಡಿಯುತ್ತಾರೆ, ಕೊನೆಗೆ ಸಿಟಿ ಸ್ಕ್ಯಾನ್ ಮಾಡುತ್ತಾರೆ. ವಸ್ತುವಿನ ಜೊತೆಗೆ ಅದು ಹುಟ್ಟಿದ ಬಗೆಯ ದಾಖಲೆಯೂ ಪದರ ಪದರವಾಗಿ ಬೆಳೆಯುತ್ತದೆ. ಲಕ್ಷಗಟ್ಟಲೆ ಬೇಕಾದ ನಟ್ಟು ಬೋಲ್ಟಿಗೆ ಇದು ಸಲ್ಲದು, ನಿಧಾನ, ದುಬಾರಿ. ಕಡಿಮೆ ಸಂಖ್ಯೆಯ, ಜಟಿಲ ಆಕಾರದ, ಬೆಲೆಬಾಳುವ ವಸ್ತುವಿಗೆ ಇದಕ್ಕೆ ಸಾಟಿಯಿಲ್ಲ.

ಯಂತ್ರಗಳು ಮಾತಾಡತೊಡಗಿದರೆ ಅವುಗಳ ನಡುವೆ ಕಳ್ಳನೂ ನುಗ್ಗಬಹುದು. 2019ರ ಮಾರ್ಚ್‌ನಲ್ಲಿ ನಾರ್ವೆಯ ಅಲ್ಯೂಮಿನಿಯಂ ಕಂಪನಿ ನಾರ್ಸ್ಕ್ ಹೈಡ್ರೊದ ಕಂಪ್ಯೂಟರುಗಳಿಗೆ ದುಷ್ಕರ್ಮಿಗಳು ಬೀಗ ಹಾಕಿ ಹಣ ಕೇಳಿದರು. ಕಂಪನಿ ಹಣ ಕೊಡಲಿಲ್ಲ. ಕೈಯಿಂದಲೇ ಕೆಲಸ ನಡೆಸಿತು. ಕಾಗದದ ಮೇಲೆ ಆರ್ಡರ್ ಬರೆದು ಕಾರ್ಖಾನೆ ನಡೆಸಿ ಗೊತ್ತಿದ್ದ ಹಳೆಯ ಕೆಲಸಗಾರರಲ್ಲಿ ಕೆಲವರು ನಿವೃತ್ತಿಯಿಂದ ಎದ್ದು ಬಂದು ಕೈಜೋಡಿಸಿದರು. ಡಿಜಿಟಲ್ ಕಾರ್ಖಾನೆಯ ಬಗ್ಗೆ ಬರೆಯುವವರು ಈ ಘಟನೆಯನ್ನು ಭದ್ರತೆಯ ಅಧ್ಯಾಯಕ್ಕೆ ಸೇರಿಸುತ್ತಾರೆ. ನಾನು ಅದನ್ನು ಕೆಲಸಗಾರರ ಅಧ್ಯಾಯಕ್ಕೆ ಸೇರಿಸುತ್ತೇನೆ.

ಯಾಕೆಂದರೆ ಸೆನ್ಸರ್ ಕೊಡುವುದು ಅಂಕಿ ಮಾತ್ರ. ಸ್ಪಿಂಡಲಿನ ಕರೆಂಟು ಏರಿತು ಎಂದು ಅದು ಹೇಳುತ್ತದೆ; ಏರಿದ್ದು ಇನ್ಸರ್ಟ್ ಸವೆದು ಹೋದ್ದರಿಂದಲೋ, ಈ ಲಾಟಿನ ಎರಕ ಗಡುಸಾಗಿ ಬಂದದ್ದರಿಂದಲೋ, ಕೂಲೆಂಟಿಗೆ ನೀರು ಹೆಚ್ಚು ಬೆರೆಸಿದ್ದರಿಂದಲೋ ಎಂಬುದು ಅದರಲ್ಲಿಲ್ಲ. ಇನ್ಸರ್ಟ್ ಬಿಚ್ಚಿ, ಅದರ ಮೂಲೆಯನ್ನು ಬೆಳಕಿಗೆ ಹಿಡಿದು ನೋಡಿದ ಆಪರೇಟರನಿಗೆ ಗೊತ್ತು. ಪಕ್ಕದ ಪರದೆಯಲ್ಲಿ ಅವನು ಆ ಕಾರಣವನ್ನು ಒತ್ತಿ ದಾಖಲಿಸಿದರೆ, ಮುಂದಿನ ಬಾರಿ ಕಂಪ್ಯೂಟರು ಅದನ್ನು ಗುರುತಿಸಲು ಕಲಿಯುತ್ತದೆ. ಇಂಥ ಸಾವಿರ ಟಿಪ್ಪಣಿಗಳಿಲ್ಲದೆ ಯಾವ ಅಲ್ಗಾರಿದಮೂ ಆ ಶೆಡ್ಡಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ತನ್ನ ತಿಳಿವಳಿಕೆಯನ್ನು ಹೀಗೆ ಬರೆದುಕೊಟ್ಟವನಿಗೆ ಸಂಬಳದಲ್ಲಿ, ಹುದ್ದೆಯಲ್ಲಿ ಏನು ಸಿಗಬೇಕು ಎಂಬುದನ್ನು ಸೆನ್ಸರ್ ಹಾಕಿಸುವ ದಿನವೇ ಮಾತಾಡಿಕೊಳ್ಳಬೇಕು. ಅವನಿಗೆ ಏನೂ ಸಿಗದಿದ್ದರೆ ಅವನು ‘ಇತರೆ’ ಎಂಬ ಗುಂಡಿಯನ್ನೇ ಒತ್ತುತ್ತಾನೆ, ಅದು ಅವನ ತಪ್ಪೂ ಅಲ್ಲ.

ಇದೇ ಪ್ರಶ್ನೆ ಒಂದು ಮೆಟ್ಟಿಲು ಮೇಲೆ, ಸಣ್ಣ ಮಾಲೀಕನ ಮುಂದೆಯೂ ನಿಂತಿದೆ. ಜಾಬ್ ವರ್ಕ್ ಕೊಡುವ ದೊಡ್ಡ ಕಂಪನಿ ಗುಣಮಟ್ಟದ ಹೆಸರಿನಲ್ಲಿ ಯಂತ್ರದ ಮಾಹಿತಿಯನ್ನು ನೇರವಾಗಿ ಕೇಳಬಹುದು. ಒಂದು ಜಾಬಿಗೆ ಎಷ್ಟು ಸೆಕೆಂಡು ಹಿಡಿಯುತ್ತದೆ ಎಂಬುದು ಆ ಮಾಹಿತಿಯಲ್ಲೇ ಇದೆ. ಸೆಕೆಂಡು ಗೊತ್ತಾದರೆ ಖರ್ಚು ಗೊತ್ತಾಗುತ್ತದೆ, ಖರ್ಚು ಗೊತ್ತಾದರೆ ಮುಂದಿನ ಆರ್ಡರಿನ ದರವನ್ನು ಯಾರು ನಿರ್ಧರಿಸುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಕಂಪನ ಮತ್ತು ಉಷ್ಣತೆಯ ಅಳತೆಗಳನ್ನು ಕೊಟ್ಟು, ಸೈಕಲ್ ಟೈಮ್ ತನ್ನ ಶೆಡ್ಡಿನಲ್ಲೇ ಉಳಿಸಿಕೊಳ್ಳುವುದು ತಾಂತ್ರಿಕವಾಗಿ ಕಷ್ಟವೇನಲ್ಲ. ಯಂತ್ರದ ಪಕ್ಕದ ಆ ಸಣ್ಣ ಕಂಪ್ಯೂಟರಿನಲ್ಲಿ ಯಾವ ಅಂಕಿ ಹೊರಗೆ ಹೋಗಬೇಕು, ಯಾವುದು ಹೋಗಬಾರದು ಎಂದು ನಾಲ್ಕು ಸಾಲು ಬರೆದರಾಯಿತು. ಆ ನಾಲ್ಕು ಸಾಲನ್ನು ಬರೆಯಬಲ್ಲ, ಬರೆದದ್ದನ್ನು ಓದಿ ತಿದ್ದಬಲ್ಲ ಹುಡುಗ ಹುಡುಗಿಯರು ನಮ್ಮ ಐಟಿಐಗಳಿಂದ, ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರಗಳಾದ ಜಿಟಿಟಿಸಿಗಳಿಂದ ಹೊರಬರಬೇಕು. ವರ್ನಿಯರ್ ಹಿಡಿಯುವುದನ್ನು ಕಲಿಸುವ ಅದೇ ವರ್ಷದಲ್ಲಿ, ಅದೇ ಬೆಂಚಿನ ಮೇಲೆ ಅವರಿಗೆ ಇದನ್ನೂ ಕಲಿಸಬಹುದು.